ಓದಾಕ ಬರೂದಿಲ್ಲ

ನಮ್ಮ ತವರುಮನೆಯ ಪೂಜೆಯ ಜಗಲಿಯ ಮೇಲೆ ದೇವರಿಗಿಂತ ಹೆಚ್ಚು ಮರ್ಯಾದೆ ಉಂಡ ಒಂದು ಕಟ್ಟು ಇತ್ತು. ಕೆಂಪು ಅರಿವೆಯಲ್ಲಿ ಸುತ್ತಿ ಹುರಿಯಿಂದ ಬಿಗಿದ ಹಳೆಯ ಕಾಗದಗಳ ಕಟ್ಟು. ದೇವರಿಗಾದರೂ ಸಿಟ್ಟು ಬಂದಾಗ ನಾವು ಒಂದೆರಡು ಮಾತು ಅನ್ನುತ್ತಿದ್ದೆವು, ಕಟ್ಟಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮಹಾನವಮಿಗೆ ಅದನ್ನು ಕೆಳಗಿಳಿಸಿ, ಅರಿಷಿಣ ಕುಂಕುಮ ಏರಿಸಿ, ಹೋಳಿಗೆಯ ಎಡೆ ತೋರಿಸಿ, ಮತ್ತೆ ಮೇಲಿಡುವುದು. ಬಿಚ್ಚುವ ಮಾತೇ ಇಲ್ಲ. ಒಳಗೇನಿದೆ ಎಂದು ಕೇಳಿದರೆ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಒಂದೇ ಉತ್ತರ ಕೊಡುತ್ತಿದ್ದಳು. "ಅದು ಮೋಡಿ ಐತಿ. ಓದಾಕ ಬರೂದಿಲ್ಲ."

ಮೋಡಿ ಅಂದರೆ ಏನೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಮಾಟ, ಮಂತ್ರ, ಕಣ್ಕಟ್ಟು. ಮೋಡಿ ಹಾಕುವವನು ಓಣಿಗೆ ಬಂದರೆ ತಾಯಂದಿರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಇನ್ನು ಬರೂದಿಲ್ಲ ಅಂದರೆ ಕೂಡದು ಎಂದು. ದೀಪ ಹಚ್ಚಿದ ಮೇಲೆ ಕಸ ಹೊಡೆಯಲು ಬರೂದಿಲ್ಲ, ಹೊಸ್ತಿಲ ಮೇಲೆ ಕೂಡಲು ಬರೂದಿಲ್ಲ, ಕಟ್ಟು ಓದಲು ಬರೂದಿಲ್ಲ. ಇಷ್ಟು ಸ್ಪಷ್ಟವಾದ ಮಾತಿಗೆ ಟಿಪ್ಪಣಿ ಬೇಕಾಗಿರಲಿಲ್ಲ.

ಮಾತಿಗೆ ಸಾಕ್ಷಿಯೂ ಇತ್ತು. ಅಪ್ಪನ ಅಣ್ಣನ ಹೆಂಡತಿ, ನನ್ನ ದೊಡ್ಡವ್ವ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ಒಂದು ಮಹಾನವಮಿಯ ಹೊತ್ತಿಗೆ ಆಕೆ ಕಟ್ಟು ಬಿಚ್ಚಿದಳಂತೆ. ಒಳಗೆ ನೋಡಿ, ಇದು ಮೋಡಿ ಎಂದು ತಾನೇ ಬಾಯಿಬಿಟ್ಟು ಹೇಳಿದಳಂತೆ. ಅದೇ ವಾರ ಅಂಬೆಗಾಲಿಡುತ್ತಿದ್ದ ಅವಳ ಗಂಡುಕೂಸು ಜ್ವರ ಬಂದು ತೀರಿಕೊಂಡಿತು. ಆಯಿ ಅವಳನ್ನು ಮುದ್ದೇಬಿಹಾಳ ಕಡೆಯ ತವರಿಗೆ ಕಳಿಸಿದಳು, ಮತ್ತೆ ಕರೆಸಲಿಲ್ಲ. ದೊಡ್ಡಪ್ಪ ತಾಯಿಯ ಮಾತು ಮೀರುವ ಗಂಡಸಲ್ಲ. ಮತ್ತೊಂದು ಲಗ್ನವನ್ನೂ ಆಗದೆ, ಹೆಂಡತಿಯನ್ನೂ ಕರೆಯದೆ, ಬೇಗ ಹೋಗಿಬಿಟ್ಟ. ಆಮೇಲೆ ಆ ಊರಿನ ಮಾತು ಬಂದರೆ ಮನೆಯಲ್ಲಿ ಎಲ್ಲರಿಗೂ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ನಾನು ಸಿಂದಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಮಕ್ಕಳೂ ಹೇಳುತ್ತಾರೆ, ಗಂಡನೂ ಹೇಳುತ್ತಾನೆ. ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲೋಟಗಿಗೆ ಕರೆದೊಯ್ದು ಶಾಸನದ ಕಂಬದ ಮುಂದೆ ನಿಲ್ಲಿಸಿ, ಸಿಕ್ಕಷ್ಟು ಅಕ್ಷರ ಕೂಡಿಸಿ ಓದಿ ತೋರಿಸಿ, ಸ್ವಲ್ಪ ಜಂಬ ಕೊಚ್ಚಿಕೊಂಡು ಬರುತ್ತೇನೆ. ಇಂಡಿಯಿಂದ ಅಲ್ಲಿಗೆ ಹೋಗುವ ದಾರಿಯಲ್ಲೇ ನಮ್ಮ ತವರೂರು. ಸಾವಿರ ವರ್ಷದ ಹಿಂದಿನ ಕಲ್ಲು ಓದುವವಳು ತನ್ನ ಮನೆಯ ಜಗಲಿಯ ಮೇಲಿನ ಕಾಗದದ ಗೊಡವೆಗೆ ಹೋಗಿರಲಿಲ್ಲ.

ಮೊನ್ನೆಯ ಮಹಾನವಮಿಗೆ ಮುಂಚೆ ಆ ಗೊಡವೆಗೆ ಹೋದವಳು ನನ್ನ ತಮ್ಮನ ಹೆಂಡತಿ. ಬಸವನ ಬಾಗೇವಾಡಿಯ ಹುಡುಗಿ, ಬಿ.ಎ. ಓದಿದವಳು, ಮಾತು ಚುರುಕು. ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಮೂರನೆಯದು ಐದು ತಿಂಗಳು ದಾಟಿ, ಮನೆಯವರೆಲ್ಲ ಉಸಿರು ಬಿಗಿಹಿಡಿದು ಕುಳಿತಿದ್ದರು. ಹಬ್ಬಕ್ಕೆ ಮನೆ ಸಾರಿಸುವಾಗ ಜಗಲಿಯ ಮೇಲಿನ ಕಟ್ಟಿನ ಅರಿವೆಯನ್ನು ಇಲಿ ಕಡಿದದ್ದು ಅವಳ ಕಣ್ಣಿಗೆ ಬಿತ್ತು. ಹೊಸ ಅರಿವೆ ಸುತ್ತಲು ಹೋದರೆ ಕಾಗದಗಳು ಹೊರಗೆ ಬಂದವು. ಅವಳು ಹೆದರಲಿಲ್ಲ. ಫೋಟೊ ಹೊಡೆದು ನನಗೆ ವಾಟ್ಸಾಪಿನಲ್ಲಿ ಕಳಿಸಿದಳು, ಜೊತೆಗೆ ಧ್ವನಿಯ ಒಂದು ತುಣುಕು. "ಅಕ್ಕಾ, ಇದ್ಯಾವ ಅಕ್ಷರರೀ? ಸಾಲೋಟಗಿ ಕಂಬ ಓದ್ತೀರಲ್ಲ, ಇದನ್ನೂ ಒಂದೀಟು ಓದ್ರಿ, ನೋಡೂಣು." ಹಿಂದೆ ನಗು ಕೇಳುತ್ತಿತ್ತು.

ಫೋಟೊ ನೋಡಿದೆ. ಕಂದುಬಣ್ಣದ ಹಾಳೆ. ಈ ಅಂಚಿನಿಂದ ಆ ಅಂಚಿಗೆ ಒಂದೇ ಗೆರೆ, ಅದರ ಕೆಳಗೆ ಸುತ್ತಿ ಸುತ್ತಿ ಓಡಿದ ಮಸಿ. ಒಂದು ಅಕ್ಷರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಹುಟ್ಟಿತು ಎಂದೇ ತಿಳಿಯದು. ಕನ್ನಡವಲ್ಲ, ಉರ್ದುವಲ್ಲ, ಹಿಂದಿ ಬರೆಯುವ ಬಾಲಬೋಧ ಲಿಪಿಯೂ ಅಲ್ಲ. ನಾನೂ ನಕ್ಕು, ಇದು ಡಾಕ್ಟರರ ಚೀಟಿ ಇರಬೇಕು ಎಂದು ಬರೆದು ಕಳಿಸಿದೆ.

ಅಂದೇ ಸಂಜೆ ಅವಳಿಗೆ ಹೊಟ್ಟೆ ನೋವು ಬಂತು, ರಕ್ತ ಕಂಡಿತು. ತಮ್ಮ ಅವಳನ್ನು ಇಂಡಿಯ ದವಾಖಾನೆಗೆ ಒಯ್ದ. ಕೂಸಿನ ಎದೆ ಬಡಿತ ಸರಿಯಿದೆ, ಆದರೆ ಮಾಸು ಕೆಳಗಿದೆ, ಹಾಸಿಗೆ ಬಿಟ್ಟು ಏಳಕೂಡದು, ದೂರದ ದಾರಿಗೆ ಗಾಡಿ ಹತ್ತುವುದಂತೂ ಬೇಡವೇ ಬೇಡ ಎಂದು ಡಾಕ್ಟರಮ್ಮ ಹೇಳಿದರು. ಒಂದೆರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಅಷ್ಟರಲ್ಲಿ ಅವ್ವ ಜಗಲಿಯ ಕಡೆ ನೋಡಿದ್ದಳು. ಹಳೆಯ ಅರಿವೆಯ ಮೇಲೆ ಹೊಸ ಅರಿವೆ ಕಂಡು, ಕಟ್ಟು ಬಿಚ್ಚಿದ್ದು ಅವಳಿಗೆ ತಿಳಿದುಹೋಗಿತ್ತು.

ನಾನು ಊರಿಗೆ ಓಡಿಬಂದಾಗ ಅವ್ವ ಅಡುಗೆಮನೆಯ ಕಟ್ಟೆಗೆ ಒರಗಿ ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಹೆದರಿದ್ದಳು. "ಗುರುವಾರ ಗಾಡಿ ಹೇಳೀನಿ," ಅಂದಳು. "ಊಟಾ ಆದಮ್ಯಾಲ ಬಾಗೇವಾಡಿಗಿ ಕಳಿಸೂದು. ಹಡದು ಬರಲಿ."

"ಡಾಕ್ಟರು ಏನ್ ಹೇಳ್ಯಾರ ಗೊತ್ತೈತೇನು? ಆ ದಾರ್‍ಯಾಗ ಗಾಡಿ ಹೊಯ್ದಾಡಿದ್ರ ಕೂಸು ಹೊಟ್ಟ್ಯಾಗ ಉಳೀತೈತಾ?"

"ಈ ಮನ್ಯಾಗ ಇದ್ರ ಉಳೀತೈತಾ?" ಅವ್ವ ಜಗಲಿಯ ಕಡೆ ಕೈ ತೋರಿಸಿದಳು. "ಮೋಡಿ ಈ ಮನೀದು. ಹೊಸ್ತಲಾ ದಾಟಿದ್ರ ಬೆನ್ನ ಹತ್ತೂದಿಲ್ಲ. ನಿಮ್ಮ ದೊಡ್ಡವ್ವನ್ನ ಕೂಸು ಹೋದಮ್ಯಾಲ ಕಳಿಸಿದ್ರು. ಮದಲ ಕಳಿಸಿದ್ರ ಕೂಸು ಉಳೀತಿತ್ತು. ಅವತ್ತ ನಾ ಈ ಮನಿಗಿ ನಡ್ಯಾಕ ಬಂದ ಹೊಸಾ ಸೊಸಿ, ಬಾಯಿ ಇರಲಿಲ್ಲ. ಈಗ ಬಾಯೈತಿ."

ಅಲ್ಲಿಯವರೆಗೂ ಅವ್ವನದು ಹಳೆಯ ಕಾಲದ ಹಟ ಎಂದು ತಿಳಿದಿದ್ದೆ. ಅದು ಹಟವಲ್ಲ. ಕೂಸನ್ನು ಉಳಿಸಿಕೊಳ್ಳಲೆಂದೇ ಅವಳು ಕೂಸನ್ನು ಕೊಲ್ಲಲು ಹೊರಟಿದ್ದಳು. ಇಂಥ ಪ್ರೀತಿಯ ಎದುರು ನನ್ನ ಸಿಟ್ಟಿಗೆ ಹಲ್ಲೇ ಇರಲಿಲ್ಲ.

ತಮ್ಮನನ್ನು ಕೇಳಿದರೆ ಅವನು ಮೊಬೈಲು ಮುಂದೆ ಹಿಡಿದ. ನಾನು ಆ ಫೋಟೊವನ್ನು ನಮ್ಮ ಶಾಲೆಯ ಇತಿಹಾಸದ ಮಾಸ್ತರಿಗೆ ಕಳಿಸಿದ್ದೆ. ಅವರು ಉತ್ಸಾಹದ ಮನುಷ್ಯ, ತಮ್ಮ ಗುಂಪುಗಳಿಗೆಲ್ಲ ಹಂಚಿದ್ದರು. ಅದು ಎಲ್ಲೆಲ್ಲೋ ಸುತ್ತಿ, ತಲೆಯ ಮೇಲೊಂದು ಶೀರ್ಷಿಕೆ ಹೊತ್ತುಕೊಂಡು, ನನ್ನ ತಮ್ಮನ ಮೊಬೈಲಿಗೇ ಬಂದಿತ್ತು. 'ಯಾರೂ ಓದಲಾಗದ ನಿಗೂಢ ಲಿಪಿ! ತಂತ್ರವಿದ್ಯೆಯ ಬರಹವೆಂದು ಬಲ್ಲವರ ಅಭಿಪ್ರಾಯ. ಇಂಥದ್ದು ಮನೆಯಲ್ಲಿದ್ದರೆ ಸಂತಾನಕ್ಕೆ ಕೇಡು, ಕೂಡಲೇ ಹೊಳೆಗೆ ಬಿಡಿ.' ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ. ಆ ಬಲ್ಲವರು ಎದುರಿಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

"ಅವ್ವ ಅಷ್ಟ ಅಲ್ಲಕ್ಕಾ, ಎಲ್ಲಾರೂ ಅದನ್ನ ಹೇಳಾಕತ್ತಾರ," ಅಂದ ತಮ್ಮ. ಅವನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದ್ದವು.

ಒಳಗೆ ಹೋದರೆ ಅವನ ಹೆಂಡತಿ ಕಾಲ ಕೆಳಗೆ ದಿಂಬು ಇಟ್ಟುಕೊಂಡು ಸೂರು ನೋಡುತ್ತ ಮಲಗಿದ್ದಳು. ನಗುವ ಹುಡುಗಿ ಅದಲ್ಲ. "ನಾನ ಹೊಕ್ಕೇನ್ರಿ ಅಕ್ಕಾ," ಅಂದಳು. "ದವಾಖಾನ್ಯಾಗ ಕೂಸಿನ ಎದಿ ಬಡಿಯೂದು ಕೇಳಿಸಿದ್ರು. ಅದನ್ನ ಕೇಳಿದಮ್ಯಾಲ ನನಗ ಯಾವ ಧೈರ್ಯಾನೂ ಉಳಿದಿಲ್ಲ. ನಾನ ಬಿಚ್ಚೀನಿ, ನಾನ ಹೊರಗ ಹೋಗ್ತೇನಿ." ನಾನು ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಓದಿದವಳು ಎಂದು ಅವಳಿಗೆ ಬುದ್ಧಿ ಹೇಳಲು ಹೊರಟಿದ್ದೆ, ಬಾಯಿ ಮುಚ್ಚಿಕೊಂಡೆ. ಎರಡು ಸಲ ಕಳೆದುಕೊಂಡವಳಿಗೆ ಬುದ್ಧಿ ಹೇಳಲು ನಾನ್ಯಾರು?

ಹೊರಡುವಾಗ ಅವ್ವ ಬಾಗಿಲಿಗೆ ಬಂದಳು. "ನೀ ಓದಿದಾಕಿ. ಅದರಾಗ ಏನ್ ಬರದೈತಿ ಓದಿ ಹೇಳು. ಕೆಟ್ಟದ್ದಿಲ್ಲಂದ್ರ ಗಾಡಿ ವಾಪಸ್ ಕಳಸ್ತೇನಿ." ಸವಾಲಿನಂತೆ ಹೇಳಲಿಲ್ಲ, ಬೇಡಿಕೊಂಡ ಹಾಗೆ ಹೇಳಿದಳು. ಅದೇ ನನಗೆ ಹೆಚ್ಚು ಚುಚ್ಚಿತು.

ಸಿಂದಗಿಗೆ ಮರಳಿ ಬುಧವಾರವಿಡೀ ಗೊತ್ತಿದ್ದವರಿಗೆಲ್ಲ ತೋರಿಸಿದೆ. ಹಿಂದಿ ಟೀಚರು ತಲೆ ಓರೆ ಮಾಡಿ ನೋಡಿದರು. ಉರ್ದು ಶಾಲೆಯ ಮಾಸ್ತರು ಕನ್ನಡಕ ಒರೆಸಿ ನೋಡಿ ನಮ್ಮದಲ್ಲ ಅಂದರು. ಇತಿಹಾಸದ ಮಾಸ್ತರಿಗಂತೂ ಇದು ಈವರೆಗೆ ಯಾರೂ ಓದದ ಲಿಪಿಯೇ ಆಗಿರಲಿ ಎಂಬ ಆಸೆ. ಪೇಪರಿಗೆ ಕೊಡೋಣವೇ ಎಂದು ಕೇಳಿದರು. ನಾನು ಏನಂದೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸಂಜೆ ಒಬ್ಬಳೇ ಕೂತಾಗ ಹೊಳೆಯಿತು. ಆ ಕಟ್ಟಿನೊಳಗೆ ನೋಡಿದ ಇನ್ನೊಬ್ಬಳು ಬದುಕಿದ್ದಾಳೆ. ಆಕೆ ಏನು ನೋಡಿದಳು, ಯಾತಕ್ಕೆ ಮೋಡಿ ಅಂದಳು ಎಂದು ಇಷ್ಟು ವರ್ಷ ಯಾರೂ ಕೇಳಿಲ್ಲ. ದೊಡ್ಡವ್ವ ಒಂದು ವೇಳೆ ಅದು ಮಾಟವೇ ಹೌದು ಎಂದುಬಿಟ್ಟರೆ? ಆ ಹೆದರಿಕೆ ನನಗೂ ಇತ್ತು. ಇದ್ದದ್ದನ್ನು ಇಲ್ಲ ಎನ್ನುವುದೇಕೆ, ಅಷ್ಟು ಹೊತ್ತಿಗೆ ನಾನೂ ಆ ಫೋಟೊವನ್ನು ಮಲಗುವ ಕೋಣೆಯಲ್ಲಿ ತೆರೆಯುತ್ತಿರಲಿಲ್ಲ.

ಗುರುವಾರ ರಜೆ ಹಾಕಿ ಮೊದಲ ಬಸ್ಸಿಗೆ ಹೊರಟೆ. ತಾಳಿಕೋಟಿಯಲ್ಲಿ ಬಸ್ಸು ಬದಲಿಸಿ, ಮುದ್ದೇಬಿಹಾಳದಿಂದ ಟಂಟಂ ಹಿಡಿದು ಆ ಊರು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿತ್ತು. ತೊಗರಿ ಹೂ ಬಿಟ್ಟಿತ್ತು, ಅದನ್ನು ನೋಡುವ ಮನಸ್ಸಿರಲಿಲ್ಲ. ತಮ್ಮ ಫೋನ್ ಮಾಡಿ, ಗಾಡಿಯವನು ಇಂಡಿಯಿಂದ ಹೊರಟಿದ್ದಾನೆ ಅಂದ. ತಡಿ, ಎಂದು ಕೂಗಿದೆ. ಟಂಟಂನವನು ತನಗೇ ಹೇಳಿದೆನೆಂದು ಗಾಡಿ ನಿಲ್ಲಿಸಿಬಿಟ್ಟ. ಅವನಿಗೊಂದಿಷ್ಟು ಬೈದು ಮತ್ತೆ ಹೊರಡಿಸಿದೆ.

ದೊಡ್ಡವ್ವ ತನ್ನ ಅಣ್ಣನ ಮಗನ ಮನೆಯ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಎಂಬತ್ತು ದಾಟಿದ ತೆಳ್ಳನೆಯ ಜೀವ, ಬೆನ್ನು ಮಾತ್ರ ನೆಟ್ಟಗೆ. ನಾನು ಇಂಥವರ ಮಗಳು ಎಂದು ಹೇಳಿದೆ. ಮೊರದ ಕೈ ನಿಂತಿತು. "ಆ ಮನಿಯವರು ಬಂದ್ರಾ?" ಅಂದಳು. "ಯಾರು ತೀರಿಕೊಂಡ್ರು?" ಸಾವಿನ ಸುದ್ದಿಗೆ ಬಿಟ್ಟರೆ ನಾವು ಬರಲಿಕ್ಕಿಲ್ಲ ಎಂದು ಆಕೆಗೆ ಖಾತ್ರಿಯಿತ್ತು.

ನೀರು ಕುಡಿಯುವಷ್ಟೂ ಹೊತ್ತಿರಲಿಲ್ಲ. ಮೊಬೈಲು ತೆಗೆದು ಫೋಟೊ ಮುಂದೆ ಹಿಡಿದೆ. "ದೊಡ್ಡವ್ವಾ, ನೀವು ಒಮ್ಮೆ ಜಗಲಿ ಮ್ಯಾಲಿನ ಕಟ್ಟ ಬಿಚ್ಚಿದ್ರೆಂತ. ಒಳಗ ಇದ ಇತ್ತೇನು?"

ಆಕೆ ಮೊಬೈಲನ್ನು ಕಣ್ಣಿನಿಂದ ದೂರ ಹಿಡಿದಳು, ಹತ್ತಿರ ಹಿಡಿದಳು. "ದೊಡ್ಡದ ಮಾಡು," ಅಂದಳು. ನಾನು ಬೆರಳಿನಿಂದ ಹಿಗ್ಗಿಸಿದೆ. ಆಕೆಯ ಒಂದು ಬೆರಳು ಪರದೆಯ ಮೇಲೆ ಎಡದಿಂದ ಬಲಕ್ಕೆ ಸರಿಯತೊಡಗಿತು. ತುಟಿ ಅಲುಗಿದವು. ಮಂತ್ರ ಹೇಳುತ್ತಿದ್ದಾಳೆಂದು ಮೊಬೈಲು ಕಸಿದುಕೊಳ್ಳಲು ಕೈ ಚಾಚಿದೆ.

"ಹಿರೇ ಬಾವಿ ನೀರು," ಅಂದಳು ದೊಡ್ಡವ್ವ. "ಸೋಮವಾರ ಹೊತ್ತ ಹೊಂಟಾಗಿಂದ ಮಟಮಟ ಮಧ್ಯಾಹ್ನದ ತನಕ ಮೂಡಲ ಮನಿಯವರದು. ಅಲ್ಲಿಂದ ಹೊತ್ತ ಮುಣಗೂ ತನಕ ಪಡುವಲ ಮನಿಯವರದು. ಬ್ಯಾವಿನ ಗಿಡದ ಹೊಲಕ್ಕ ಮಂಗಳವಾರದ ಪಾಳಿ. ಎತ್ತು ಕುಂಟಿದ್ರ ಪಾಳಿ ತಪ್ಪೂದಿಲ್ಲ, ಅದರ ಸಲುವಾಗಿ ಯಾರೂ ಜಗಳಾ ತಗೀಬಾರದು." ತಲೆಯೆತ್ತಿದಳು. "ಬಾವಿ ಪಾಳಿ ಐತವ್ವಾ. ನಿಮ್ಮ ಹಿರ್‍ಯಾರು ಬರಸಿ ಇಟ್ಟಾರ. ಮಾತು ನಮ್ಮದ, ಅಕ್ಷರ ಅಷ್ಟ ಮೋಡಿ."

"ಮೋಡಿ?"

"ಮೋಡಿ ಅಕ್ಷರ. ನಿನಗ ಸಾಲ್ಯಾಗ ಕಲಿಸಲಿಲ್ಲಾ? ನಮ್ಮಪ್ಪ ಊರಿನವರ ಕಾಗದ ಪತ್ರ ಬರಕೊಡತಿದ್ದ. ಅಂವ ಬರೀತಿದ್ರ ನಾ ಮಗ್ಗಲಾಗ ಕುಂತ ಕಲತೆ. ಮದಲ ಉದ್ದಕ ಗೆರಿ ಎಳಕೋಬೇಕು, ಆಮ್ಯಾಲ ಹಗ್ಗದ ಮ್ಯಾಲ ಅರಿವಿ ಒಣಹಾಕಿಧಂಗ ಅಕ್ಷರ ತೂಗಬಿಡೂದು. ಕೈ ಎತ್ತಬಾರದು." ಜೋಳದ ಧೂಳು ಬಿದ್ದ ನೆಲದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು, ಕೈ ಎತ್ತದೆ ಏನೋ ಬರೆದಳು. ಫೋಟೊದಲ್ಲಿದ್ದ ಅದೇ ಸುತ್ತು.

ಮೋಡಿ ಎಂಬ ಲಿಪಿಯೊಂದು ಇತ್ತೆಂದು ನಾನು ಓದಿದ್ದೆ. ಅದು ಮರಾಠಿಯವರದು ಎಂದು ತಿಳಿದು ಅಲ್ಲಿಗೇ ಬಿಟ್ಟಿದ್ದೆ. ಮನೆಯಲ್ಲಿ ಮೋಡಿ ಅಂದರೆ ಮಾಟ ಎಂದು ಚಿಕ್ಕಂದಿನಿಂದ ಕೇಳಿದ ಕಿವಿಗೆ, ಆ ಎರಡೂ ಒಂದೇ ಮಾತೆಂದು ಕೇಳಿಸಲೇ ಇಲ್ಲ. ಮೋಡಿ ಐತಿ, ಓದಾಕ ಬರೂದಿಲ್ಲ. ಮೋಡಿ ಅಕ್ಷರ ಇದೆ, ಓದಲು ನಮಗೆ ತಿಳಿಯದು. ಯಾರೋ ಹಿರಿಯರು ಹೇಳಿದ್ದು ಇಷ್ಟೇ. ನಾವು ಅದನ್ನು ಮಾಟವೆಂದು ತಿಳಿದು, ಓದಕೂಡದೆಂದು ತಿಳಿದು, ಮೂರು ತಲೆಮಾರು ಬಾವಿಯ ಪಾಳಿಗೆ ಹೋಳಿಗೆ ತೋರಿಸಿದ್ದೆವು. ನನಗೆ ನಗು ಬಂತು. ಜೋರಾಗಿ ನಕ್ಕೂಬಿಟ್ಟೆ. ನಗುತ್ತಲೇ ಎಲ್ಲವನ್ನೂ ಹೇಳಿದೆ: ತಮ್ಮನ ಹೆಂಡತಿಯ ನೋವು, ಅವ್ವನ ಹೆದರಿಕೆ, ಬಾಗಿಲಿಗೆ ಬರುತ್ತಿರುವ ಗಾಡಿ, ಅಂದು ದೊಡ್ಡವ್ವನೇ ಮೋಡಿ ಅಂದದ್ದನ್ನು ಆಯಿ ಮಾಟವೆಂದು ತಿಳಿದದ್ದು.

ದೊಡ್ಡವ್ವ ನಗಲಿಲ್ಲ.

"ಮಾಟ ಅಂತ ತಿಳಕೊಂಡ್ರಾ?" ಎಂದು ಕೇಳಿದಳು. "ನಾ ಖುಷಿಲೆ ಹೇಳಿದ್ದೆ. ಗಂಡನ ಮನ್ಯಾಗ ನನಗ ಬರೂದೊಂದು ಸಿಕ್ತು ಅಂತ ಕಾಗದ ಹಿಡಕೊಂಡ ಅಡಗಿಮನಿಗಿ ಓಡಿದ್ದೆ. ಅತ್ತೀ, ಇದು ಮೋಡಿ ಐತ್ರಿ ಅಂದೆ. ಓದಿ ಹೇಳ್ತೇನ್ರಿ ಅನ್ನೂದರಾಗ ಕಸಗೊಂಡ್ರು." ಮೊರದಿಂದ ಒಂದು ಹರಳು ಆರಿಸಿ ಹೊರಗೆ ಎಸೆದಳು. "ಕೂಸಿಗಿ ಜ್ವರಾ ಬಂತು. ದವಾಖಾನಿಗಿ ಒಯ್ಯೂಣ ಅಂತ ಕಾಲ ಹಿಡದೆ. ಒಯ್ಯಲಿಲ್ಲ. ಯಂತ್ರಾ ಕಟ್ಟಾಂವನ್ನ ಕರಿಸಿದ್ರು, ಬೂದಿ ಹಚ್ಚಿಸಿದ್ರು, ಬಾಗಲಾ ಹಾಕಿ ಕುಂತ್ರು. ಜ್ವರಕ್ಕ ಯಾಕ ಯಂತ್ರಾ ಅಂತ ನನಗ ಇವತ್ತಿನ ತನಕ ತಿಳಿದಿರಲಿಲ್ಲ."

ನಾನು ಮೊಬೈಲು ಕೆಳಗಿಟ್ಟೆ.

"ಅಂದ್ರ ಆ ಒಂದ ಮಾತಿಗೇನು?" ಅಂದಳು. "ನನ್ನ ಬಾಯಾಗಿನ ಮಾತಿಗೇ ನನ್ನ ಕೂಸಿಗಿ ಔಷಧಾ ಸಿಗಲಿಲ್ಲೇನು? ಕೂಸು ಸತ್ತಾಕಿ ಅಂತ ಕಳಿಸ್ಯಾರ ಅಂತ ತಿಳಕೊಂಡಿದ್ದೆ. ಅಪಶಕುನ ಅಂತ. ಅದಕ್ಕ ನಾನೂ ಸುಮ್ಮ ಇದ್ದೆ." ಆಕೆಯ ಕೈ ಮೊರದ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸತ್ತ ಆಯಿಯ ಮೇಲೆ, ಕೇಳದ ದೊಡ್ಡಪ್ಪನ ಮೇಲೆ, ಇದೆಲ್ಲವನ್ನೂ ನಗುತ್ತ ಹೇಳಿದ ನನ್ನ ಮೇಲೆ. ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಗಾಡಿ ಬಂದಿರಬೇಕು," ಅಂದಳು. "ನಿಮ್ಮವ್ವಗ ಫೋನ್ ಹಚ್ಚು."

ಹಚ್ಚಿದೆ, ತಾಗಲಿಲ್ಲ. ಅಂಗಳಕ್ಕೆ ಬಂದು ಹಚ್ಚಿದೆ, ತಾಗಲಿಲ್ಲ. ತಮ್ಮನ ಫೋನು ಬಡಿದು ಬಡಿದು ನಿಂತಿತು. ಅವನು ಹೆಂಡತಿಯನ್ನು ಎತ್ತಿಕೊಂಡು ಗಾಡಿಗೆ ಒಯ್ಯುತ್ತಿರಬಹುದು, ಎರಡೂ ಕೈ ಬಿಡುವಿಲ್ಲದೆ ಇರಬಹುದು ಎನಿಸಿತು. ಮತ್ತೊಮ್ಮೆ ಹಚ್ಚಿದಾಗ ಎತ್ತಿದ. ಹಿಂದೆ ಗಾಡಿಯ ಇಂಜಿನ್ನಿನ ಸದ್ದು, ಯಾರೋ ದಿಂಬು ತರಲು ಕೂಗುತ್ತಿದ್ದರು. "ಅವ್ವಗ ಕೊಡು," ಎಂದು ಚೀರಿದೆ. ಅವ್ವನ ಉಸಿರು ಕೇಳಿಸಿದ ಕೂಡಲೇ ಸ್ಪೀಕರ್ ಒತ್ತಿ ದೊಡ್ಡವ್ವನ ಮುಂದೆ ಹಿಡಿದೆ.

"ನಾನು, ನಿನ್ನ ನೆಗೆಣ್ಣಿ," ಅಂದಳು ದೊಡ್ಡವ್ವ.

ಇಂಜಿನ್ನಿನ ಸದ್ದಷ್ಟೇ. ಅವ್ವ ಫೋನು ಇಟ್ಟುಬಿಡುತ್ತಾಳೆ ಎಂದುಕೊಂಡೆ.

"ಹುಡಿಗಿನ ಕಳಸಬ್ಯಾಡ. ಅದು ಮಾಟಲ್ಲ, ಮೋಡಿ ಅಂದ್ರ ಬರವಣಿಗಿ. ನಾ ಓದ್ತೇನಿ, ಕೇಳು." ಇನ್ನೊಂದು ಮೊಬೈಲು ನಮ್ಮಲ್ಲಿರಲಿಲ್ಲ. ಮಾತಾಡುವ ಫೋನಿನಲ್ಲೇ ಫೋಟೊ ತೆರೆದು ಹಿಡಿದೆ. ದೊಡ್ಡವ್ವ ಬೆರಳಿಟ್ಟು ಓದಿದಳು, ಶಾಲೆಯ ಮಗುವಿನ ಹಾಗೆ ಒಂದೊಂದೇ ಮಾತು ಬಿಡಿಸಿ. ಹಿರೇ ಬಾವಿ, ಮೂಡಲ ಮನೆ, ಬೇವಿನ ಗಿಡದ ಹೊಲ, ಮಂಗಳವಾರದ ಪಾಳಿ.

"ಬ್ಯಾವಿನ ಗಿಡದ ಹೊಲಕ್ಕ ಮಂಗಳವಾರನ ನೀರ ಬಿಡತಿದ್ರು," ಅಂದಳು ಅವ್ವ, ಯಾರಿಗೋ ಎಂಬಂತೆ. "ನಾ ಬಂದಾಗ ಬಾವಿ ಇತ್ತು. ಆಮ್ಯಾಲ ಮುಚ್ಚಿ ನಿಂಬಿ ಹಚ್ಚಿದ್ರು." ಕಾಗದದ ಮಾತಿಗೂ ತಾನು ಕಣ್ಣಾರೆ ಕಂಡದ್ದಕ್ಕೂ ತಾಳೆ ಬೀಳುವುದನ್ನು ಅವಳು ತೂಗಿ ನೋಡುತ್ತಿದ್ದುದು ನನಗೆ ಇಲ್ಲಿಗೇ ತಿಳಿಯುತ್ತಿತ್ತು. "ಮತ್ತ ನಿನ್ನ ಕೂಸು?" ಎಂದು ಕೇಳಿದಳು.

"ನನ್ನ ಕೂಸು ಜ್ವರದಾಗ ಹೋತು. ದವಾಖಾನಿಗಿ ಒಯ್ದಿದ್ರ ಉಳೀತಿತ್ತೋ ಏನೋ. ಡಾಕ್ಟರು ಈ ಹುಡಿಗಿನ ಅಲಗಾಡಸಬ್ಯಾಡ ಅಂದಾರಂತ. ಅಷ್ಟ ಕೇಳು. ಒಂದ ಸಲಾ ಕೇಳಲಿಲ್ಲ, ಈ ಸಲಾನರ ಕೇಳು."

ಆಮೇಲೆ ಅವ್ವ ಫೋನನ್ನು ಬಾಯಿಂದ ದೂರ ಹಿಡಿದು ಕೂಗಿದ್ದು ಕೇಳಿತು. "ಇಳಿಸ್ರಿ ಅಕಿನ್ನ. ಸಾವಕಾಶ. ಗಾಡಿ ವಾಪಸ್ ಕಳಸ್ರಿ." ಇಂಜಿನ್ನಿನ ಸದ್ದು ನಿಂತಿತು. ಅವ್ವ ಮತ್ತೆ ಫೋನಿಗೆ ಬಂದಳು. "ಊಟಾ ಆತೇನಕ್ಕಾ?" ಎಂದು ಕೇಳಿದಳು. "ಇನ್ನೂ ಇಲ್ಲ," ಅಂದಳು ದೊಡ್ಡವ್ವ. ಅಂದು ಅವರಿಬ್ಬರ ನಡುವೆ ಅಷ್ಟೇ ಮಾತು.

ಕೂಸು ತಿಂಗಳು ತುಂಬಿಯೇ ಹುಟ್ಟಿತು. ಹೆಣ್ಣು. ಅಷ್ಟೂ ತಿಂಗಳು ಹಾಸಿಗೆಯಲ್ಲೇ ಮಲಗಿಸಿ, ಗಂಟೆಗೊಮ್ಮೆ ಬೈದು ಕಾಪಾಡಿದ ಕೀರ್ತಿ ಡಾಕ್ಟರಮ್ಮನಿಗೂ ಅವ್ವನಿಗೂ ಸಮಪಾಲು. ಬೀಗರಲ್ಲಿ ಕೆಲವರು, ಕಟ್ಟು ಸಿಟ್ಟು ಬಿಟ್ಟಿತು ಅಂದರು. ಅವರ ಜೊತೆ ಜಗಳವಾಡಲು ನನಗೆ ಪುರಸೊತ್ತಿರಲಿಲ್ಲ, ಬೇರೆ ದಿನಕ್ಕೆ ಇಟ್ಟುಕೊಂಡಿದ್ದೇನೆ.

ತೊಟ್ಟಿಲಿಗೆ ಹಾಕುವ ದಿನ ತಮ್ಮನೇ ಹೋಗಿ ದೊಡ್ಡವ್ವನನ್ನು ಕರೆತಂದ. ಆಕೆ ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದಳು. ಅವ್ವ ಕಾಲಿಗೆ ನೀರು ಹಾಕಿ, ಕೈ ಹಿಡಿದು ಒಳಗೆ ಕರೆದಳು. ದೊಡ್ಡವ್ವ ಕೂಸನ್ನು ಎತ್ತಿಕೊಳ್ಳಲು ಅಂಜಿದಳು. ತಮ್ಮನ ಹೆಂಡತಿ ಏನೂ ಕೇಳದೆ ಕೂಸನ್ನು ತಂದು ಆಕೆಯ ತೊಡೆಯ ಮೇಲೆ ಮಲಗಿಸಿದಳು. ಆಕೆ ಅದರ ಪಾದವನ್ನು ಮಾತ್ರ ಮುಟ್ಟಿ ಮುಟ್ಟಿ ನೋಡುತ್ತ ಕೂತಳು.

ಹೆಂಗಸರು ಊಟಕ್ಕೆ ಎದ್ದ ಮೇಲೆ ಅವ್ವ ಜಗಲಿಯ ಮೇಲಿಂದ ಕಟ್ಟು ಇಳಿಸಿದಳು. ಕುಂಕುಮ ಹಚ್ಚಲಿಲ್ಲ, ಕೈ ಮುಗಿಯಲಿಲ್ಲ. ಹುರಿ ಬಿಚ್ಚಿ ಅರಿವೆ ಸರಿಸಿ ದೊಡ್ಡವ್ವನ ಮುಂದೆ ಇಟ್ಟಳು. ಬಾವಿಯ ಪಾಳಿಯ ಕೆಳಗೆ ಇನ್ನೂ ಬಹಳ ಹಾಳೆಗಳಿದ್ದವು.

"ಅಕ್ಕಾ," ಅಂದಳು ಅವ್ವ, "ಇದನ್ನ ಓದಾಕ ಬರ್ತೈತೇನು?"

"ಬರ್ತೈತಿ," ಅಂದಳು ದೊಡ್ಡವ್ವ. ಮೇಲಿನ ಹಾಳೆಯನ್ನು ಬೆಳಕಿಗೆ ಹಿಡಿದಳು. "ಆವಾಗೂ ಬರ್ತಿತ್ತು."